ತಮಾರಳ ಬೋರಲು ಹಂಡೆ

ಬಟ್ಟೆ ಒಗೆಯುವ ತಮಾರಳ ಮನೆಯಲ್ಲಿ ಎರಡು ಕಬ್ಬಿಣದ ಹಂಡೆಗಳಿದ್ದವು. ಒಂದು ಅಂಗಳದ ಒಲೆಯ ಮೇಲೆ ದಿನವಿಡೀ ಕುದಿಯುತ್ತಿತ್ತು. ಊರಿನ ಬಿಳಿಯರ ಅಂಗಿ, ಹಾಸಿಗೆ ಬಟ್ಟೆ, ಪಾದ್ರಿಯ ನಿಲುವಂಗಿ ಎಲ್ಲ ಬೇಯುತ್ತಿದ್ದುದು ಅದರಲ್ಲೇ. ಇನ್ನೊಂದಕ್ಕೆ ಅವಳು ಒಂದು ದಿನವೂ ಬೆಂಕಿ ತೋರಿಸಿದವಳಲ್ಲ, ಒಂದು ತೊಟ್ಟು ನೀರು ಹಾಕಿದವಳಲ್ಲ. ಅದು ಹಿತ್ತಲ ಹೊಸ್ತಿಲ ಪಕ್ಕದಲ್ಲಿ, ಒಂದು ಅಂಚಿಗೆ ಸಣ್ಣ ಕಲ್ಲು ಕೊಟ್ಟು, ಬೋರಲಾಗಿ ಬಿದ್ದಿರುತ್ತಿತ್ತು. ನಮ್ಮ ಕೇರಿಯ ನಾಯಿಗಳು ಅದನ್ನು ದೂರದಿಂದಲೇ ಬಳಸಿಕೊಂಡು ಹೋಗುತ್ತಿದ್ದವು. ಅವಕ್ಕೆ ಏನು ಕೇಳಿಸುತ್ತಿತ್ತೋ, ಅವನ್ನೇ ಕೇಳಬೇಕು.

ಹೊಳೆಯಾಚೆ ಕೆಂಟಕಿಯಲ್ಲಿ ಗುಲಾಮರಾಗಿ ಹುಟ್ಟಿದವರಿಗೆ ಆ ಹಂಡೆ ಯಾಕೆಂದು ಹೇಳಬೇಕಾಗಿರಲಿಲ್ಲ. ಅಲ್ಲಿ ನಾಲ್ಕು ಜನ ಕೂಡಿ ದೇವರ ಹೆಸರೆತ್ತಬೇಕಾದರೂ ಧಣಿಯ ಕಿವಿಗೆ ಹೆದರಬೇಕು. ಅದಕ್ಕೇ ಬಾಗಿಲಲ್ಲಿ ಹಂಡೆ ಬೋರಲು ಹಾಕುವುದು. ಒಳಗಿನ ಮಾತು, ಹಾಡು, ಅಳು ಎಲ್ಲವನ್ನೂ ಹಂಡೆ ನುಂಗಿಕೊಳ್ಳುತ್ತದೆ, ದೊಡ್ಡಮನೆಯ ತನಕ ಹೋಗಗೊಡುವುದಿಲ್ಲ. ಎಲ್ಲ ಮುಗಿದ ಮೇಲೆ ಅದನ್ನು ಕಾಡಿನ ಕಡೆ ತಿರುಗಿಸಿ ಖಾಲಿ ಮಾಡಬೇಕು. ತಮಾರ್ ಮಾತ್ರ ಯಾವತ್ತೂ ಖಾಲಿ ಮಾಡಲಿಲ್ಲ. ಹೊಳೆ ದಾಟಿ, ಗುಲಾಮರನ್ನಿಡದ ಒಹಾಯೋಗೆ ಓಡಿಬಂದು, ಹ್ಯಾಕ್‌ಬೆರಿ ಎಂಬ ನಮ್ಮೂರಲ್ಲಿ ದುಡಿದ ಮೊದಲ ಕೂಲಿಯಲ್ಲಿ ಕೊಂಡ ಹಂಡೆ ಅದು. ಅವಳ ಗಂಡನ ಕೊನೆಯ ಕೆಮ್ಮು, ಮಗಳು ಲೆಟಿಯ ಮೊದಲ ಅಳು, ಆ ಮನೆಯ ನಗು ಜಗಳ ಎಲ್ಲ ಅದರೊಳಗೇ ಇತ್ತು. ತಮಾರಳ ಹಳೆಯ ಹೆಸರೂ ಅಲ್ಲೇ ಇತ್ತು. ಆಚೆ ದಡದಲ್ಲಿ ಅವಳು ವೈನಿ. ಆ ಹೆಸರನ್ನು ಮಗಳಿಗೆ ಒಂದೇ ಒಂದು ಸಲ, ಹಂಡೆಯ ಪಕ್ಕ ಕೂತು ಹೇಳಿದ್ದಳು.

ಇಸ್ತ್ರಿ ಮಾಡುತ್ತಾ ಲೆಟಿ ಅಮ್ಮನನ್ನು ಕೆಣಕುತ್ತಿದ್ದಳು. "ಅಮ್ಮಾ, ಇದು ಒಹಾಯೋ. ಇಲ್ಲಿ ಯಾವ ಧಣಿ ಕಿವಿ ಕೊಟ್ಕೊಂಡು ಕೂತಿದಾನೆ? ಅದರಲ್ಲಿ ಒಂದಿಷ್ಟು ಬೀನ್ಸು, ಹಂದಿ ಮಾಂಸ ಬೇಯಿಸಿದ್ರೆ ಹೊಟ್ಟೆನಾದ್ರೂ ತಣ್ಣಗಾಗುತ್ತೆ."

"ಬೇಯ್ಸೇ ತಾಯಿ, ಬೇಯ್ಸು. ನಿಮ್ಮಪ್ಪನ ಕೆಮ್ಮೂ ಸೇರಿಸ್ಕೊಂಡು ಉಣ್ಣು."

ಆದರೆ ಒಂದು ಚಳಿಗಾಲ ಲೆಟಿ ಗಮನಿಸಿದಳು. ಅಂಗಳ, ಬೇಲಿ, ಸೌದೆ ರಾಶಿ ಎಲ್ಲದರ ಮೇಲೂ ಹಿಮ ಕೂತಿತ್ತು, ಹಂಡೆಯ ಬೆನ್ನ ಮೇಲೆ ಮಾತ್ರ ಇರಲಿಲ್ಲ. ಮುಟ್ಟಿ ನೋಡಿದಳು. ಮಲಗಿದವರ ಹಣೆಯಷ್ಟು ಬೆಚ್ಚಗಿತ್ತು. ಆಮೇಲೆ ಅವಳು ಬೀನ್ಸಿನ ಮಾತೆತ್ತಲಿಲ್ಲ.

ಸಾವಿರದ ಎಂಟುನೂರ ಐವತ್ತರಲ್ಲಿ ಆ ಕಾನೂನು ಬಂತು. ಗುಲಾಮರು ಬೇಕೆನ್ನುವ ರಾಜ್ಯಗಳು, ಬೇಡವೆನ್ನುವ ರಾಜ್ಯಗಳು ಕಿತ್ತಾಡಿ ದೇಶ ಒಡೆದೀತೆಂದು ರಾಜಧಾನಿಯ ದೊಡ್ಡವರು ರಾಜಿ ಮಾಡಿಕೊಂಡರು. ದೊಡ್ಡವರು ರಾಜಿ ಮಾಡಿಕೊಂಡಾಗಲೆಲ್ಲ ಯಾರದ್ದಾದರೂ ಕುತ್ತಿಗೆ ಹೋಗುತ್ತದೆ, ಈ ಸಲ ನಮ್ಮದು. ಓಡಿಬಂದವರನ್ನು ಯಾವ ಊರಲ್ಲಾದರೂ ಹಿಡಿಯಬಹುದು. ಹಿಡಿಸಿಕೊಂಡವರ ಮಾತಿಗೆ ಬೆಲೆಯಿಲ್ಲ. ದಾರಿಹೋಕನನ್ನು ಕರೆದು ಹಿಡಿ ಎಂದರೆ ಅವನೂ ಹಿಡಿಯಬೇಕು, ಇಲ್ಲದಿದ್ದರೆ ಜೈಲು. ತಾಯಿ ಗುಲಾಮಳಾಗಿದ್ದರೆ ಮಗಳೂ ಗುಲಾಮಳೇ, ಎಲ್ಲಿ ಹುಟ್ಟಿದ್ದರೇನು! ಒಹಾಯೋದ ನೀರು ಕುಡಿದೇ ಬೆಳೆದ ಲೆಟಿ ಹೀಗೆ ಒಂದೇ ದಿನದಲ್ಲಿ ಯಾರದೋ ಆಸ್ತಿಯಾದಳು.

ಗಿರಣಿಯಲ್ಲಿ ಮೆಕ್ಕೆಜೋಳ ಬೀಸಿಸುತ್ತಾ ತಮಾರ್ ಇದನ್ನೆಲ್ಲ ಕೇಳಿದಳು. ಹೇಳಿದವನು ಗಿರಣಿಯ ಅಮೋಸ್ ಪ್ಲಂಬ್. ಬಿಳಿಯ, ಒಳ್ಳೆಯವನು, ಹೆದರುಪುಕ್ಕಲ. ಸುಳ್ಳು ಹೇಳಿದವನಲ್ಲ, ಯಾರ ತಂಟೆಗೂ ಹೋದವನಲ್ಲ.

"ನೋಡು ತಮಾರಮ್ಮ, ಕಾನೂನು ಅಂದ್ರೆ ಕಾನೂನು. ನಂಗೂ ಇದು ಇಷ್ಟ ಇಲ್ಲ. ಆದ್ರೆ ಅವರವರಿಗೆ ಬೇಕಾದ್ದನ್ನೇ ಪಾಲಿಸ್ತೀವಿ ಅಂತ ಎಲ್ರೂ ಹೊರಟ್ರೆ ದೇಶ ಉಳಿಯುತ್ತಾ?"

"ಉಳೀಲಿ ಯಜಮಾನ್ರೇ, ದೇಶ ನೂರು ವರ್ಷ ಉಳೀಲಿ. ನಾವು ಎಲ್ಲಿ ಉಳೀಬೇಕು, ಅದೊಂದು ಹೇಳಿಬಿಡಿ."

ಪ್ಲಂಬ್ ಹಿಟ್ಟಿನ ಚೀಲದ ಬಾಯಿ ಕಟ್ಟಿದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಕೇರಿಯ ಅರ್ಧ ಮನೆಗಳು ಈ ಕಾನೂನು ನಡೆಯದ ಕೆನಡಾದ ದಾರಿ ಹಿಡಿದವು. ತಮಾರಳೂ ಗಂಟುಮೂಟೆ ಕಟ್ಟಿದಳು. ಆದರೆ ಲೆಟಿಗೆ ಜ್ವರ, ಎದ್ದು ನಿಲ್ಲಲಾರಳು. ಜ್ವರ ಬಿಟ್ಟ ಕೂಡಲೇ ಹೊರಡುವುದೆಂದಾಯಿತು. ಅಲ್ಲಿಯ ತನಕ ತಮಾರಳಿಗೆ ಜೀವ ನಿಲ್ಲಲಿಲ್ಲ. ಲೆಟಿ ಜ್ವರದಲ್ಲಿ ಏನೇನೋ ಕನವರಿಸುತ್ತಿದ್ದಳು, ಆ ಮಾತು ಬೀದಿಗೆ ಬಿದ್ದರೆ ಗತಿಯೇನು? ಕಾಪಾಡುವುದು ಅದೊಂದೇ ಎಂದು ತಮಾರ್ ಹಿತ್ತಲ ಹಂಡೆಯನ್ನು ಮೆಲ್ಲಗೆ ಜರುಗಿಸಿಕೊಂಡು ಮನೆಯ ಸುತ್ತ ತಂದು, ಬೀದಿಬಾಗಿಲ ಮುಂದೆ, ಹಾಡುಹಗಲಲ್ಲಿ, ಮೊದಲಿನಂತೆ ಕಲ್ಲು ಕೊಟ್ಟು ಬೋರಲಾಗಿಯೇ ಇಟ್ಟಳು. ಅಷ್ಟು ವರ್ಷ ಜಾಣತನದಿಂದ ಬದುಕಿದವಳು! ಕೆಂಟಕಿಯವರ ಕಣ್ಣಿಗೆ ಅದು ಓಡಿಬಂದವರ ಗುರುತೆಂಬುದನ್ನೇ ಮರೆತಳು.

ಮಾರನೆಯ ಮಧ್ಯಾಹ್ನ ಒಬ್ಬ ಕುದುರೆಯಿಂದಿಳಿದ. ಬಿಳಿ ಅಂಗಿ, ಮೆದು ಮಾತು. ರ‍್ಯಾನ್ಸಮ್ ಗೇಡಿ ಎಂದು ಹೆಸರು, ಆಚೆ ದಡದವನು. ಅಂಗಿ ಒಗೆಸಬೇಕಿತ್ತು ಎಂದ. ಮಾತಾಡುತ್ತಾ ಆಡುತ್ತಾ ಅವನ ಕಣ್ಣು ಹಂಡೆಯ ಮೇಲೆ ನಿಂತಿತು.

"ಅದ್ಯಾಕಮ್ಮ ಬೋರಲು ಹಾಕಿದೀಯ?"

"ಮಳೆ ನೀರು ನಿಂತ್ರೆ ತುಕ್ಕು ಹಿಡಿಯುತ್ತೆ ಸ್ವಾಮಿ."

ಅವನು ನಕ್ಕ. ಏನೂ ಅರಿಯದ ಮಗುವಿನ ನಗು. "ನನ್ನ ಸಾಕಿದ ಜಿಲ್ಫಾನೂ ಹೀಗೇ ಅಂತಿದ್ಳು, ಮಳೆ ಅಂತ. ಹಾಲು ಕುಡಿಸಿದ್ದು, ಜೋಗುಳ ಹಾಡಿದ್ದು ಎಲ್ಲ ಅವಳೇ. ಅವಳ ಗುಡಿಸಲ ಹಂಡೆಗೆ ಕಿವಿ ಇಟ್ಕೊಂಡು ಮಲಗ್ತಿದ್ದೆ ನಾನು. ಆಮೇಲೆ ನಮ್ಮಪ್ಪ ಅವಳನ್ನ ದಕ್ಷಿಣಕ್ಕೆ ಮಾರಿಬಿಟ್ಟ." ಅಂಗಿ ಕೊಡದೆಯೇ ಕುದುರೆ ಹತ್ತಿದ. "ವೈನಿ ಅನ್ನೋ ಹೆಂಗಸನ್ನ ಹಿಡ್ಕೊಂಡು ಬಾ ಅಂತ ಅವಳ ಧಣಿ ನನ್ನ ಕಳಿಸಿದಾನೆ. ಕಂಡ್ರೆ ಹೇಳು."

ತಮಾರ್ ಬೀದಿಗಿಳಿದು ನೋಡಿದಳು. ಬೀದಿಯ ಎರಡೂ ತುದಿಯಲ್ಲಿ ಅವನ ಜನ ಆಗಲೇ ನಿಂತಿದ್ದರು. ಒಳಗೆ ಹೋಗಿ ಮಗಳ ತಲೆಯನ್ನು ಮಡಿಲಿಗೆಳೆದುಕೊಂಡಳು.

"ಲೆಟಿ, ಕಣ್ಬಿಡು. ಪಕ್ಕದ ಮನೆ ಹ್ಯಾನಾ ಕಾಲರಾದಲ್ಲಿ ಸತ್ಲಲ್ಲ, ಅವಳು ಹುಟ್ಟಾ ಸ್ವತಂತ್ರಳು. ನೀನು ಅವಳ ಮಗಳು. ನನ್ನ ಮಗಳಲ್ಲ. ಕೇಳಿಸ್ತಾ? ಇನ್ಮೇಲೆ ನನ್ನ ಅಮ್ಮ ಅನ್ಬೇಡ."

"ಅಮ್ಮಾ!"

"ಅನ್ಬೇಡ ಅಂದ್ನಲ್ಲ! ಬಾಯಿ ತಡೀದಿದ್ರೆ ಹೋಗಿ ಹಂಡೆಗೆ ಹೇಳು. ಬೇರೆ ಯಾರಿಗೂ ಬೇಡ."

ಬೆಳಿಗ್ಗೆ ಗೇಡಿ ಸರ್ಕಾರದ ಅಧಿಕಾರಿಯೊಬ್ಬನನ್ನು ಕರೆತಂದ. ಗಿರಣಿ ನಿಂತಿತು, ಊರು ನೆರೆಯಿತು. ಕೈಕೋಳ ಹಿಡಿದುಕೊಳ್ಳಲು ಅಧಿಕಾರಿ ಕರೆದದ್ದು ಯಾರನ್ನೆಂದರೆ ಪ್ಲಂಬನನ್ನೇ. ಪ್ಲಂಬ್ ಹಿಡಿದುಕೊಂಡ.

"ವೈನಿ ನಾನೇ," ಎಂದಳು ತಮಾರ್, ಯಾರೂ ಕೇಳುವ ಮೊದಲೇ. "ಒಬ್ಬಳೇ ಬಂದೆ, ಒಬ್ಬಳೇ ಬರ್ತೀನಿ. ಈ ಹುಡುಗಿ ನನಗೇನೂ ಆಗ್ಬೇಕಿಲ್ಲ. ಅನಾಥೆ, ಇಸ್ತ್ರಿಗೆ ಇಟ್ಕೊಂಡಿದ್ದೆ."

ಬಾಗಿಲಿಗೆ ಆತು ನಿಂತ ಲೆಟಿಯ ಮುಖ ಅಚ್ಚು ಹೊಯ್ದ ಹಾಗೆ ತಾಯಿಯದೇ. ಗೇಡಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ. "ನಿನ್ನ ಮಾತು ಕಾನೂನಿಗೆ ಬೇಡ. ಬಿಳಿಯರು ಯಾರಾದ್ರೂ ಹೇಳಿ. ಇವಳು ಯಾರ ಮಗಳು?"

ಆಗ ಪ್ಲಂಬನ ಗಂಟಲಿಂದ ಏನೋ ಹೊರಬಿತ್ತು, ಬೀಸುಕಲ್ಲಿಗೆ ಮರಳು ಸಿಕ್ಕ ಸದ್ದು.

"ಹ್ಯಾನಾನ ಮಗಳು. ನಂಗೊತ್ತು. ಅವಳ ತಾಯಿ ಹೆಣಕ್ಕೆ ಹೆಗಲು ಕೊಟ್ಟೋನು ನಾನು. ದೇವರಾಣೆ."

ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ತಮಾರ್ ಅವನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

ಗೇಡಿ ನಂಬಲಿಲ್ಲ. ನಗುತ್ತಲೇ ಹಂಡೆಯ ಮುಂದೆ ಮೊಣಕಾಲೂರಿದ. "ಮನುಷ್ಯರು ಸುಳ್ಳು ಹೇಳ್ತಾರೆ. ಈ ಹುಡುಗಿ ಇವಳನ್ನ ಒಂದು ಸಲ ಅಮ್ಮ ಅಂದಿದ್ರೂ ಅದು ಇದರಲ್ಲಿರುತ್ತೆ. ಅಲ್ವೇನೇ ವೈನಿ?" ಎಂದು ಹಂಡೆಯ ಬೆನ್ನಿಗೆ ಕಿವಿಯಿಟ್ಟ.

ಒಂದು ಸಲವಲ್ಲ, ಲೆಟಿ ಹುಟ್ಟಿದಂದಿನಿಂದ ನಿನ್ನೆಯ ತನಕದ ಅಷ್ಟೂ ಅಮ್ಮಗಳು ಅದರಲ್ಲಿದ್ದವು. ತಮಾರ್ ಕಣ್ಣು ಮುಚ್ಚಿ, ತುಟಿ ಅಲುಗಿಸದೆ, ಹಂಡೆಯನ್ನೇ ಬೇಡಿಕೊಂಡಳು.

ಅಂಗಳದ ಕೋಳಿಗಳು ಸದ್ದಡಗಿಸಿದವು. ಒಲೆಯ ಮೇಲಿನ ನೀರು ಕುದಿಯುವುದನ್ನು ನಿಲ್ಲಿಸಿತು, ಕೆಳಗೆ ಬೆಂಕಿ ಉರಿಯುತ್ತಲೇ ಇತ್ತು. ಗೇಡಿಯ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿದ್ದು, ನಿಧಾನಕ್ಕೆ ಕಳಚಿತು. ತುಟಿ ಬಿಳಿಚಿಕೊಂಡಿತು. ಕಿವಿ ಕೀಳಲು ನೋಡಿದ, ತಕ್ಷಣ ಆಗಲಿಲ್ಲ. ಕೊನೆಗೆ ಹಿಂದಕ್ಕೆ ಕೂತುಬಿಟ್ಟ.

"ನನ್ನ ಮುದ್ದಿನ ಹೆಸರು ಇದಕ್ಕೆ ಯಾರು ಹೇಳಿದ್ದು?" ಎಂದ. ಅದು ದೊಡ್ಡವರ ದನಿಯಾಗಿರಲಿಲ್ಲ, ಕೂಸಿನದು.

"ನಿಮ್ಮಪ್ಪ ಯಾರನ್ನ ಮಾರಿದ್ರೋ ಅವಳೇ ಹೇಳಿರ್ಬೇಕು ಸ್ವಾಮಿ," ಎಂದಳು ತಮಾರ್.

ಅವನು ಲೆಟಿಯ ಕಡೆ ಮತ್ತೆ ತಿರುಗಲಿಲ್ಲ. ಹೊರಡಿ, ಹೊರಡಿ ಎಂದ. ಕೋಳ ತೊಡಿಸಿ ತಮಾರಳನ್ನು ಗಾಡಿ ಹತ್ತಿಸಿದರು. ಅವಳು ತಿರುಗಿ ನೋಡಲಿಲ್ಲ, ನೋಡಿದರೆ ಮಗಳು ಬಾಯಿ ಬಿಟ್ಟಾಳೆಂಬ ಭಯ. ಲೆಟಿ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಗಾಡಿ ಮರೆಯಾದ ಮೇಲೆ ನೆಲಕ್ಕೆ ಬಿದ್ದು, ಹಂಡೆಗೆ ಕಲ್ಲು ಕೊಟ್ಟ ಸಂದಿಗೆ ಬಾಯಿಟ್ಟು, "ಅಮ್ಮಾ" ಎಂದಳು.

ಗುಲಾಮರ ಮಾತಿಗೆ ಉತ್ತರ ದಕ್ಷಿಣದ ರಾಜ್ಯಗಳು ಹೊಡೆದಾಡಿದ ಯುದ್ಧ ಶುರುವಾದದ್ದು ಎಲ್ಲೋ ಸಮುದ್ರತೀರದ ಕೋಟೆಯ ಮೇಲೆ ಗುಂಡು ಹಾರಿದಾಗ ಎನ್ನುತ್ತಾರೆ ಓದಿದವರು. ಇರಬಹುದು. ನಮ್ಮೂರಿಗೆ ಅದು ಶುರುವಾದದ್ದು ಪ್ಲಂಬ್ ದೇವರಾಣೆ ಎಂದ ದಿನ. ಆಮೇಲೆ ಅವನು ಕಾನೂನು ಅಂದ್ರೆ ಕಾನೂನು ಎನ್ನಲಿಲ್ಲ. ಗಿರಣಿಯ ಅಟ್ಟದಲ್ಲಿ ಹಿಟ್ಟಿನ ಚೀಲಗಳ ಹಿಂದೆ ಯಾರು ಯಾರೋ ಮಲಗಿ ಎದ್ದು ಉತ್ತರಕ್ಕೆ ಹೋದರು. ಅವನ ಅಕ್ಕನನ್ನು ಕೆಂಟಕಿಗೆ ಕೊಟ್ಟಿತ್ತು. ಕ್ರಿಸ್‌ಮಸ್ ಊಟಕ್ಕೆ ಬಂದ ಭಾವನೊಂದಿಗೆ ಇದೇ ಮಾತಿಗೆ ಮಾತು ಬೆಳೆದು, ತಟ್ಟೆ ನೂಕಿ ಎದ್ದವರು ಮತ್ತೆ ಮುಖ ನೋಡಲಿಲ್ಲ. ಚರ್ಚು ಎರಡಾಯಿತು. ಒಂದೇ ಬೆಂಚಿನಲ್ಲಿ ಕೂತವರು ಬೀದಿಯ ಆಚೆ ಈಚೆ ನಡೆಯತೊಡಗಿದರು. ಕೊನೆಗೆ ಪ್ಲಂಬನ ಮಗ ಉತ್ತರದ ಸೈನ್ಯದ ನೀಲಿ ಅಂಗಿ ತೊಟ್ಟ, ಅಕ್ಕನ ಮಗ ದಕ್ಷಿಣದವರ ಬೂದು ಅಂಗಿ. ಇಬ್ಬರೂ ಮನೆಗೆ ಬರಲಿಲ್ಲ.

ಲೆಟಿ ಅದೇ ಮನೆಯಲ್ಲಿ ಬಟ್ಟೆ ಒಗೆದಳು. ಕೆಲಸ ಮುಗಿದ ಮೇಲೆ ದಿನಾ ಹಂಡೆಗೆ ಅಮ್ಮಾ ಎನ್ನುವಳು, ಸ್ವಲ್ಪ ಕಾಯುವಳು, ಎದ್ದು ಹೋಗುವಳು. ತಮಾರಳನ್ನು ಇನ್ನೂ ಕೆಳಗೆ, ದಕ್ಷಿಣದ ಹತ್ತಿಯ ಹೊಲಗಳಿಗೆ ಮಾರಿದರೆಂದು ಒಬ್ಬ ಸಿಪಾಯಿ ಹೇಳಿದ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ಯುದ್ಧ ಮುಗಿದ ವರ್ಷದ ಚಳಿಗಾಲದಲ್ಲಿ, ಇನ್ನು ಎಲ್ಲಿಯೂ ಯಾರೂ ಯಾರ ಆಸ್ತಿಯೂ ಅಲ್ಲ ಎಂಬ ಸುದ್ದಿ ಬಂತು. ಲೆಟಿ ಕೈ ಒರೆಸಿಕೊಂಡು ಬೀದಿಗೆ ಬಂದಳು. ಇನ್ನು ಯಾರಿಂದ ಮುಚ್ಚಿಡಬೇಕು, ಖಾಲಿ ಮಾಡ್ತೀನಿ ಎಂದಳು. ಕೇರಿಯವರೆಲ್ಲ ನೆರೆದೆವು. ಮುದುಕ ಪ್ಲಂಬನೂ ಬಂದ, ಗಿರಣಿಯ ಸದ್ದಿಗೆ ಅವನ ಕಿವಿ ಎಂದೋ ಹೋಗಿತ್ತು. ಲೆಟಿ ಹಂಡೆಯ ಅಂಚು ಹಿಡಿದು, ದಕ್ಷಿಣಕ್ಕೆ ಮುಖ ಮಾಡಿ ಎತ್ತಿದಳು.

ನಮಗೆ ಕೇಳಿಸಿದ್ದು ಬರೀ ಗಾಳಿ. ಲೆಟಿ ಮಾತ್ರ ತಲೆ ಬಾಗಿಸಿ ನಿಂತಿದ್ದಳು. ಅವಳ ಅಮ್ಮಗಳೆಲ್ಲ ಒಂದರ ಹಿಂದೊಂದು ಹೊರಗೆ ಹೋಗುತ್ತಿದ್ದವಂತೆ, ಕೂಸಿನ ದನಿಯದು, ಹುಡುಗಿಯದು, ಜ್ವರದ್ದು, ಆಮೇಲಿನವು. ಕೊನೆಯದೂ ಹೋಗಿ, ಹಂಡೆ ತಣ್ಣಗಾಯಿತು. ಹಿಮದ ಒಂದು ಹರಳು ಬಂದು ಅದರ ಅಂಚಿಗೆ ಕೂತಿತು.

ಆಗ ಪ್ಲಂಬ್ ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿದ. ಟೋಪಿ ತೆಗೆದ.

"ಕರೆದ್ಯಲ್ಲ ಲೆಟಿ, ನಿಮ್ಮಮ್ಮ ಓ ಅಂತಿದಾಳೆ," ಎಂದ. "ಬಂದೆ ಮಗಾ ಅಂತಿದಾಳೆ."

ನಾವೂ ತಿರುಗಿ ನೋಡಿದೆವು. ಹೊಳೆಯ ದಾರಿ ಅಷ್ಟುದ್ದಕ್ಕೂ ಬರಿದಾಗಿತ್ತು. ಲೆಟಿ ತುಸು ಹೊತ್ತು ಅತ್ತಲೇ ನೋಡಿ, ಹಂಡೆಯನ್ನು ಒಲೆಯ ಮೇಲಿಟ್ಟು ಬೀನ್ಸು ಸುರಿದಳು. ಒಳಗೆ ಹೋಗಿ ಎರಡು ತಟ್ಟೆ ತೊಳೆದಿಟ್ಟಳು.