ಶಿವಾನಿ ಆರಿಸಿದ ಮೈಕು

ಬೀದರದಲ್ಲಿ ಮೈಕು ಮಾರುವವರು ಹತ್ತು ಜನ ಸಿಕ್ಕಾರು, ಮೈಕು ತಿಳಿದವನು ನಾನೊಬ್ಬನೇ ಎಂದು ಇಪ್ಪತ್ತೆರಡು ವರ್ಷ ಹೇಳಿಕೊಂಡು ತಿರುಗಿದೆ. ನನ್ನ ಹೆಸರು ಯುನುಸ. ಮೊದಲು ಮದುವೆ ಮನೆಗಳಿಗೆ ಸೌಂಡು ಹಾಕುತ್ತಿದ್ದೆ. ಈಗ ಐದಾರು ವರ್ಷದಿಂದ ಕಂಪ್ಯೂಟರಿಗೆ ನೇರ ಚುಚ್ಚುವ ಯುಎಸ್‌ಬಿ ಮೈಕುಗಳನ್ನೂ ಇಟ್ಟಿದ್ದೇನೆ. ಮನೆಯಲ್ಲಿ ಕೂತು ಪಾಠ ಹೇಳುವ ಮಾಸ್ತರರು, ಭಜನೆ ಹಾಡುವವರು, ಆಟ ಆಡುತ್ತ ಕೂಗಾಡುವವರು, ಎಲ್ಲರೂ ನನ್ನಲ್ಲಿಗೇ ಬರುತ್ತಾರೆ. ತಪ್ಪು ಮೈಕು ಕೇಳಿದವರಿಗೆ ಬೈದು ಸರಿಯಾದದ್ದನ್ನು ಕೊಟ್ಟು ಕಳಿಸುವುದು ನನ್ನ ಚಾಳಿ. ಒಬ್ಬಳಿಗೆ ಮಾತ್ರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಮೊದಲ ಸಲ ಬಂದದ್ದು ಬಿರುಬಿಸಿಲಿನಲ್ಲಿ. ಮುಖಕ್ಕೆ ಸ್ಕಾರ್ಫು ಸುತ್ತಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ಇಪ್ಪತ್ತನಾಲ್ಕು, ಇಪ್ಪತ್ತೈದರ ವಯಸ್ಸು ಇದ್ದೀತು. ಅಂಗಡಿಯೊಳಗೆ ಬಂದ ಮೇಲೂ ಸ್ಕಾರ್ಫು ತೆಗೆಯಲಿಲ್ಲ.

“ಮನ್ಯಾಗ ಕುಂತು ಕಥಿ ಹೇಳ್ತೇನ್ರಿ, ನೆಟ್‌ನ್ಯಾಗ, ಲೈವ್. ಇಷ್ಟು ದಿನ ಇಯರ್‌ಫೋನಿನ್ಯಾಗ ಮಾತಾಡ್ತಿದ್ದೆ. ದನಿ ಡಬ್ಬ್ಯಾಗಿಂದ ಬಂದಂಗ ಬರ್ತದ ಅಂತಾರ್ರಿ ಕೇಳೋರು.”

ನಾನು ಎರಡು ಮೈಕು ತೆಗೆದು ಮುಂದಿಟ್ಟೆ. “ಇದು ಡೈನಾಮಿಕ್. ಬಾಯಿಗಿ ನಾಕು ಬೆರಳು ದೂರ ಇಟ್ಟು ಮಾತಾಡಬೇಕ್ರಿ. ಅದರ ಆಚಿಗಿ ಏನು ನಡದ್ರೂ ಇದಕ್ಕ ದರಕಾರ ಇಲ್ಲ. ಇದು ಕಂಡೆನ್ಸರ್. ಇದರ ಕಿವಿ ಭಾಳ ಚುರುಕು. ಇರಿವಿ ನಡದ್ರೂ ಕೇಳ್ತದ.”

ಎರಡರಲ್ಲೂ ಮಾತಾಡಿ ನೋಡಲು ಹೆಡ್‌ಫೋನು ಕೊಟ್ಟೆ. ಡೈನಾಮಿಕ್ಕಿನಲ್ಲಿ ಎರಡು ಮಾತು ಆಡಿ ಕೆಳಗಿಟ್ಟಳು. ಕಂಡೆನ್ಸರ್ ಮುಂದೆ “ಹಾಂ, ಕೇಳ್ರೀ” ಎಂದಳು. ಅಷ್ಟೇ. ತನ್ನ ದನಿ ತುಂಬಿ ಬಂದದ್ದು ಕೇಳಿ ಅವಳ ಕಣ್ಣಲ್ಲಿ ನೀರಾಡಿತು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಪ್ರಾಮಾಣಿಕ ಅಂಗಡಿಕಾರ ಕೇಳಲೇಬೇಕಾದ ಮಾತೊಂದಿದೆ, ಅದನ್ನು ಕೇಳಿದೆ.

“ಮನಿ ಸುತ್ತ ಗದ್ದಲ ಏನಾರ ಅದ ಏನ್ರಿ? ಗದ್ದಲ ಇದ್ರ ಇದು ಬ್ಯಾಡ, ಡೈನಾಮಿಕ್ ಒಯ್ರಿ.”

ಅವಳು ನಿಜಕ್ಕೂ ನೆನಪು ಮಾಡಿಕೊಂಡು ನೋಡಿದಳು. “ಇಲ್ರಿ. ಊರ ಹೊರಗ ಮನಿ. ಹಕ್ಕಿ ಬಿಟ್ರ ಏನೂ ಇಲ್ಲ.”

ಗ್ಯಾರಂಟಿ ಚೀಟಿಗೆ ಫೋನ್ ನಂಬರು ಬರೆಸಿಕೊಂಡು ಕಂಡೆನ್ಸರ್ ಕಟ್ಟಿಕೊಟ್ಟೆ.

ಹದಿನೈದು ದಿನಕ್ಕೆ ಮತ್ತೆ ಬಂದಳು, ಗಂಡನ ಹಳೆಯ ಲ್ಯಾಪ್‌ಟಾಪು ಹೊತ್ತುಕೊಂಡು. ಗುಂಯ್ ಎನ್ನುವ ಸದ್ದು ಬರುತ್ತದಂತೆ. ಅದು ಚಾರ್ಜರಿನ ದೋಷ, ಎರಡೇ ನಿಮಿಷದ ಕೆಲಸ. ಆದರೆ ಅವಳ ಹಳೆಯ ಕಾರ್ಯಕ್ರಮ ಹಾಕಿ ಕೇಳುವಾಗ ಮಾತಿನ ಹಿಂದೆ ಬಲು ಸಣ್ಣಗೆ ಇನ್ನೊಂದು ಸದ್ದು ಇತ್ತು. ಕುಕ್, ಕುಕ್, ಕುಕ್.

“ಹಿಂದ ಏನೋ ಬಡಿತದಲ್ರಿ?”

ಅವಳು ಹೆಡ್‌ಫೋನು ಹಾಕಿಕೊಂಡು ಕೇಳಿದಳು. “ನನಗೇನೂ ಕೇಳವಲ್ದು ನೋಡ್ರಿ.”

ಯಾರದೋ ಹೊಲದ ಪಂಪ್‌ಸೆಟ್ ಇರಬೇಕೆಂದುಕೊಂಡೆ. ಕಿಟಕಿಗೆ ಒಂದು ದಪ್ಪ ಕೌದಿ ಇಳಿಬಿಡಲು ಹೇಳಿ ಸುಮ್ಮನಾದೆ. ಆ ಹೊತ್ತಿಗೆ ನನ್ನ ಲಕ್ಷ್ಯವೆಲ್ಲ ಬೇರೆ ಕಡೆಗಿತ್ತು. ಅವಳು ನಿಮಿಷಕ್ಕೊಮ್ಮೆ ತಿರುಗಿ ರಸ್ತೆ ನೋಡುತ್ತಿದ್ದಳು.

“ಯಾರ್ನ ನೋಡ್ಲಿಕತ್ತೀರಿ?” ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಒಂದು ಚಹಾ ತರಿಸಿದೆ. ಚಹಾ ಕುಡಿಯಲು ಸ್ಕಾರ್ಫು ಸರಿಸಿದಳು, ಮಾತೂ ಹೊರಬಂತು.

ಶಿವಾನಿ ಔರಾದದವಳು. ತಂದೆ ಮಡೆಪ್ಪ ಎಂಜಿನ್ ಮಿಸ್ತ್ರಿ. ಹಳ್ಳಿಗಳಲ್ಲಿ ಕರೆಂಟಿನ ಭರವಸೆ ಇಲ್ಲದ್ದಕ್ಕೆ ಹಿಟ್ಟಿನ ಗಿರಣಿಗಳಲ್ಲಿ ಇನ್ನೂ ಡೀಸೆಲ್ ಎಂಜಿನ್ ಉಳಿದಿವೆಯಲ್ಲ, ಅವುಗಳ ವೈದ್ಯ ಅವನು. ಔರಾದ, ಭಾಲ್ಕಿ, ಬೀದರ, ಮೂರೂ ತಾಲೂಕಿನ ಗಿರಣಿಯವರು ಅವನ ದಾರಿ ಕಾಯುತ್ತಾರೆ. ತಾಯಿಯಿಲ್ಲದ ಮಗಳನ್ನು ಅವನು ಸಣ್ಣಂದಿನಿಂದ ಗಾಡಿಯ ಮೇಲೆ ಕೂರಿಸಿಕೊಂಡು ಗಿರಣಿಯಿಂದ ಗಿರಣಿಗೆ ಒಯ್ಯುತ್ತಿದ್ದ. ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಕಾಯುತ್ತ ಕೂತ ಹೆಂಗಸರು ಅವಳಿಗೆ ಕಥೆ ಹೇಳಿದರು. ಅವಳು ಈಗ ನೆಟ್ಟಿನಲ್ಲಿ ಹೇಳುತ್ತಿದ್ದದ್ದು ಅವೇ ಕಥೆಗಳನ್ನು.

“ಅಪ್ಪ ಯಾವ ಗಿರಣಿಗಿ ಹೋದ್ರೂ ಮೊದಲ ಎಂಜಿನ್ ಬಂದ್ ಮಾಡಸ್ತಾನ್ರಿ. ಅಮ್ಯಾಲ ಮಾತು, ಅಮ್ಯಾಲ ಚಾ. ಓಡೋ ಎಂಜಿನ್ ಮುಂದ ಖರೇ ಮಾತು ಆಗಂಗಿಲ್ಲ ಅಂತಾನ.” ಹೇಳುತ್ತ ನಕ್ಕಳು. ಅವಳು ನಕ್ಕದ್ದು ನಾನು ಕಂಡದ್ದು ಆಗೊಮ್ಮೆಯೇ.

ಸೋಲಾರ್ ಪಂಪು ಕೂಡಿಸಲು ಔರಾದಕ್ಕೆ ಬರುತ್ತಿದ್ದ ಕಪಿಲನನ್ನು ಮೆಚ್ಚಿದಳು. ಕಪಿಲ ಬೀದರದ ಬೌದ್ಧರಾದ ದಲಿತರ ಮನೆಯ ಹುಡುಗ, ಓದಿದವನು. ಶಿವಾನಿಯದು ಶಿವಭಕ್ತರ ಮನೆ. ರಿಜಿಸ್ಟರ್ ಮದುವೆಯಾದ ಮೂರನೆಯ ದಿನ ಅವಳ ಅಣ್ಣ ಓಂಪ್ರಕಾಶ ನಾಲ್ಕು ಜನರನ್ನು ಕಟ್ಟಿಕೊಂಡು ಕಪಿಲನ ಮನೆಗೆ ಬಂದ. ಕಪಿಲನ ತಾಯಿ ಅನುಸೂಯಾಬಾಯಿಯ ಮುಂದೆ ಕೊಡಲಿ ಇಟ್ಟು, ಇಬ್ಬರೂ ಎಲ್ಲಿ ಸಿಕ್ಕರೆ ಅಲ್ಲೇ ಮುಗಿಸುತ್ತೇನೆ ಎಂದು ಹೇಳಿ ಹೋದ. ಗಂಡ ಹೆಂಡತಿ ಪುಣೆಗೆ ಹೋದೆವೆಂದು ಸುದ್ದಿ ಹಬ್ಬಿಸಿ, ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಗೆಳೆಯನ ಖಾಲಿ ಮನೆ ಸೇರಿಕೊಂಡರು. ಊರ ಹೆಸರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಣ್ಣ ಭಾಲ್ಕಿ ಬಜಾರದ ತೊಗರಿ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಇರುತ್ತಾನಾದ್ದರಿಂದ ಅವಳು ಭಾಲ್ಕಿಯಲ್ಲಿ ಬಸ್ಸಿನಿಂದ ಕೆಳಗೆ ಕೂಡ ಇಳಿಯುತ್ತಿರಲಿಲ್ಲ.

“ನಮ್ಮ ಮನ್ಯಾಗ ಬಸವಣ್ಣೋರ ಫೋಟೋಕ್ಕ ದಿನಾ ಹೂ ಏರಸ್ತಾರ್ರಿ. ಏರಸಾಂವ ನಮ್ಮಣ್ಣನೇ,” ಎಂದಳು.

“ನಿಮ್ಮ ದನಿ ಯಾರಾದ್ರೂ ಗುರ್ತು ಹಿಡದ್ರ?”

“ದನ್ಯಾಗ ಊರ ಹೆಸರು ಇರ್ತದೇನ್ರಿ? ಹನ್ನೊಂದು ತಿಂಗಳಾಯ್ತು. ಇವರು ಮುಂಜಾನಿ ಹೋದ್ರ ಬರೂದು ಸಂಜಿಗೇ. ಇಡೀ ದಿನ ಗೋಡಿ ಸಂಗಟ ಎಷ್ಟು ಮಾತಾಡ್ಲಿ?”

ಆ ಒಂಟಿತನಕ್ಕೆ ಒಳ್ಳೆಯ ಮೈಕನ್ನೇ ಕೊಟ್ಟೆನೆಂದು ಮನಸ್ಸಿಗೆ ಸಮಾಧಾನವಾಯಿತು. ಎಂಜಿನ್ ಮಿಸ್ತ್ರಿಯ ಸುದ್ದಿ, ಕುಕ್ ಕುಕ್ ಸದ್ದು, ಎರಡೂ ಒಂದೇ ತಾಸಿನಲ್ಲಿ ನನ್ನ ಕಿವಿಗೆ ಬಿದ್ದಿದ್ದವು. ನಾನು ಒಂದಕ್ಕೊಂದು ಕೂಡಿಸಿ ನೋಡಲಿಲ್ಲ.

ಅದಾಗಿ ಒಂದು ತಿಂಗಳಾಗಿರಬಹುದು. ಮಂಗಳವಾರ ಮುಂಜಾನೆ ಹತ್ತಕ್ಕೆ ಹಣೆಗೆ ವಿಭೂತಿ ಹಚ್ಚಿದ ಮುದುಕರೊಬ್ಬರು ಅಂಗಡಿಗೆ ಬಂದರು. ಉಗುರಿನ ಸಂದಿಯಲ್ಲಿ ಎಣ್ಣೆಯ ಮಸಿ ಇತ್ತು. ಫೋನಿನಲ್ಲಿ ಹತ್ತು ಸೆಕೆಂಡಿನ ಒಂದು ತುಣುಕು ತಂದಿದ್ದರು.

“ಸಾಹೇಬ್ರ, ಇದರಾಗ ಒಂದು ಎಂಜಿನ್ ಸದ್ದು ಅದ. ದೊಡ್ದು ಮಾಡಿ ಕೇಳಸ್ತೀರೇನು? ಯಾವ ಎಂಜಿನ್ ಅಂತ ನನಗ ಗೊತ್ತಾಗಬೇಕಾಗ್ಯದ.”

ಇಂಥ ಕೆಲಸ ಸಿಕ್ಕರೆ ನಾನು ಊಟ ಬಿಟ್ಟು ಕೂರುವವನು. ತುಣುಕನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ಮೊದಲ ಆರು ಸೆಕೆಂಡಿನಲ್ಲಿ ಯಾರದೂ ಮಾತಿರಲಿಲ್ಲ. ಅಷ್ಟನ್ನೇ ಕತ್ತರಿಸಿ, ಗಾಳಿಯ ಸದ್ದು ತೆಗೆದು, ಉಳಿದದ್ದನ್ನು ಎಬ್ಬಿಸಿ ಹೆಡ್‌ಫೋನು ಕೊಟ್ಟೆ. ಮುದುಕರು ಕಣ್ಣು ಮುಚ್ಚಿ ಕೇಳಿದರು. ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದರು. ನಾಲ್ಕು ಏಟು ಸರಿ ಬಿದ್ದು ಐದನೆಯದು ತಡವರಿಸುತ್ತಿತ್ತು.

“ಸಾಯಗಾಂವ,” ಎಂದರು.

“ಸದ್ದಿನ ಮ್ಯಾಲ ಊರು ಹೇಳ್ತೀರೇನ್ರಿ?”

“ಗಿರಣಿ ಎಂಜಿನ್ ಹೊಗಿ ಕೊಳವಿ ಮ್ಯಾಲ ಒಂದು ಸೀಟಿ ಕೂಡಸ್ತೇವ್ರಿ ನಮ್ಮ ಕಡಿ. ಇವತ್ತ ಗಿರಣಿ ಚಾಲೂ ಅದ ಅಂತ ಸುತ್ತಲ ಮಂದಿಗಿ ಗೊತ್ತಾಗಬೇಕಲ್ಲ. ಒಂದರ ಸದ್ದು ಇನ್ನೊಂದಕ್ಕಿಲ್ಲ. ಈ ಸೀಟಿ ನಾನೇ ಕೂಡ್ಸೇನಿ.”

ಶಹಬ್ಬಾಸ್ ಎಂದೆ. ನನಗಿಂತ ಚುರುಕು ಕಿವಿಯವನು ಸಿಕ್ಕನಲ್ಲ ಎಂದು ಖುಷಿಯಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಅವರು ಗಾಡಿ ಚಾಲೂ ಮಾಡಿ ಭಾಲ್ಕಿ ರಸ್ತೆ ಹಿಡಿದರು.

ಗಿರಾಕಿಗಳು ತೆರವಾದಾಗ ಹನ್ನೊಂದೂಮುಕ್ಕಾಲು. ಸುಮ್ಮನೆ ಇನ್ನೊಮ್ಮೆ ಕೇಳೋಣವೆಂದು ಆ ತುಣುಕು ಹಾಕಿದೆ. ಈ ಸಲ ಕತ್ತರಿಸದೆ ಪೂರ್ತಿ ಕೇಳಿದೆ. ಆರು ಸೆಕೆಂಡು ಎಂಜಿನ್. ಆಮೇಲೆ ಒಂದು ಉಸಿರು. ಆಮೇಲೆ, “ಹಾಂ, ಕೇಳ್ರೀ.”

ಬಂದದ್ದು ಮಡೆಪ್ಪ. ಊರಿನ ಹೆಸರು ಹುಡುಕಿಕೊಟ್ಟವನು ನಾನು. ಅವಳು ಊರ ಹೊರಗೆ ಏನೂ ಸದ್ದಿಲ್ಲ ಎಂದದ್ದು ಸುಳ್ಳಲ್ಲ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವಳಿಗೆ ಅದು ಸದ್ದು ಎಂದೇ ಅನ್ನಿಸಿರಲಿಲ್ಲ. ಗ್ಯಾರಂಟಿ ಚೀಟಿ ಹುಡುಕಿ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ನನ್ನ ನಂಬರು ಅವಳಲ್ಲಿರಲಿಲ್ಲ, ಕಪಿಲನದು ನನ್ನಲ್ಲಿರಲಿಲ್ಲ. ಹನ್ನೆರಡಕ್ಕೆ ಅವಳ ಕಾರ್ಯಕ್ರಮ. ಲೈವ್ ತೆರೆದೆ.

ಅವಳು ಕಥೆ ಶುರು ಮಾಡಿಬಿಟ್ಟಿದ್ದಳು. ಏಳು ಮಂದಿ ಅಣ್ಣಂದಿರ ಒಬ್ಬ ತಂಗಿಯ ಕಥೆ. ಕೇಳುವವರು ನಲವತ್ತಮೂರು ಜನ ಎಂದು ಮೂಲೆಯಲ್ಲಿ ತೋರಿಸುತ್ತಿತ್ತು. ಫೋನ್ ಎತ್ತಿರಿ ಎಂದು ಬರೆದು ಹಾಕಿದೆ. ಕಥೆ ಮುಗಿಯುವ ತನಕ ಬರೆದದ್ದನ್ನು ಓದುವ ರೂಢಿ ಅವಳಿಗಿರಲಿಲ್ಲ. ಅವಳ ಮಾತಿನ ಹಿಂದೆ ಕುಕ್, ಕುಕ್, ಕುಕ್. ಈಗ ಅದು ಎಷ್ಟು ಚೊಕ್ಕ ಕೇಳುತ್ತಿತ್ತೆಂದರೆ ಅವಳ ಮಾತೇ ನನ್ನ ಕಿವಿಗೆ ಹೋಗುತ್ತಿರಲಿಲ್ಲ.

ಹನ್ನೆರಡೂಕಾಲರ ಸುಮಾರಿಗೆ ಎಂಜಿನ್ ನಿಂತಿತು.

ಶಿವಾನಿ ಮಾತಿನ ನಡುವೆ ತಡೆದಳು. ತಿಂಗಳುಗಟ್ಟಲೆ ಕೇಳದಿದ್ದ ಸದ್ದು ಅವಳಿಗೆ ನಿಂತಾಗ ಕೇಳಿಸಿತು. ಹಾಡುಹಗಲು ಗಿರಣಿಯ ಎಂಜಿನ್ ಬಂದ್ ಮಾಡಿಸುವವರು ಯಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕಥೆ ಮುಂದುವರಿಯಲಿಲ್ಲ. ಕುರ್ಚಿ ಸರಿದ ಸದ್ದು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅಂಗಳದಲ್ಲಿ ಚಪ್ಪಲಿಯ ಸಪ್ಪಳ, ಬಾಗಿಲು ಬಡಿದದ್ದು.

“ಶಿವಾನಿ. ನಾನವ್ವಾ. ಒಬ್ಬನೇ ಬಂದೇನಿ, ತಗಿ.”

ಚಿಲಕ ಸರಿಯಿತು. “ಅಪ್ಪಾ,” ಎಂದಳು, ಮುಂದೆ ಅಳು ಬಂತು. ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಮುದುಕನ ಮಾತು ಕೇಳಿಸಿತು.

“ಅಳಬ್ಯಾಡ. ಓಂಪ್ರಕಾಶಗ ನಿನ್ನ ದನಿ ಸಿಕ್ಕದ. ದಿನಾ ಮಧ್ಯಾನ ಅಡತಿ ಅಂಗಡ್ಯಾಗ ಕುಂತು ಕಿವ್ಯಾಗ ಇಟಗೊಂಡು ಕೇಳ್ತಾನ, ಊರು ಯಾವುದು ಅಂತ. ಎಂಜಿನ್ ಸದ್ದು ನನಗ ಕೇಳಿಸಿ, ಇದು ಯಾವ ಗಿರಣಿ ಹೇಳು ಅಂದ. ತಿಳೀವಲ್ದು ಅಂದೇನಿ. ಇಲ್ಲಿಂದ ನಿಮ್ಮನ್ನ ದಾಟಸಬೇಕಂತ ಬಂದೇನಿ.”

ಯಾ ಅಲ್ಲಾ ಎಂದೆ. ಮುದುಕ ಕೊಲ್ಲಲು ಬಂದಿರಲಿಲ್ಲ, ಉಳಿಸಲು ಬಂದಿದ್ದ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಬಾಗಿಲು ಮೈಕಿನಿಂದ ಹತ್ತು ಹೆಜ್ಜೆ ದೂರವಿದ್ದೀತು. ಹಳೆಯ ಇಯರ್‌ಫೋನಿಗೆ ಆ ಮಾತು ಕೇಳುತ್ತಿರಲಿಲ್ಲ. ಆ ರೂಢಿಯಲ್ಲಿ, ಆ ಗಾಬರಿಯಲ್ಲಿ, ಅವಳು ಮೈಕು ಬಂದ್ ಮಾಡದೆ ಎದ್ದು ಹೋಗಿದ್ದಳು. ನನ್ನ ಮೈಕು ಒಂದೊಂದು ಅಕ್ಷರವನ್ನೂ ನಲವತ್ತಮೂರು ಜನರಿಗೆ ಮುಟ್ಟಿಸುತ್ತಿತ್ತು.

ಮತ್ತೆ ಫೋನ್ ಮಾಡಿದೆ. ನಾನು ಮಾಡಿದ ಫೋನು ಅವಳ ಮನೆಯಲ್ಲಿ ಗುರುಗುಟ್ಟುವುದು ನನಗೇ ಲೈವ್‌ನಲ್ಲಿ ಕೇಳಿಸಿತು.

“ಯಾರದೋ ಗೊತ್ತಿಲ್ಲದ ನಂಬರ್, ಅಪ್ಪಾ. ಆಗಿಂದ ಬರ್ಲಿಕತ್ತದ.”

“ಎತ್ತಬ್ಯಾಡ. ಅಂವನೇ ಇರಬೇಕು.”

ಗುರುಗುಡುವುದು ನಿಂತಿತು. ಮೈಕ್ ಬಂದ್ ಮಾಡ್ರಿ ಎಂದು ಬರೆದೆ, ಹತ್ತು ಸಲ ಬರೆದೆ. ಅಂಗಡಿಯಲ್ಲಿ ಒಬ್ಬನೇ ನಿಂತು ಬಾಯಿಬಿಟ್ಟು ಕೂಗಿದೆ ಕೂಡ. ಆ ಮೈಕಿಗೆ ಎಲ್ಲ ಕೇಳುತ್ತಿತ್ತು, ನನ್ನ ಕೂಗು ಬಿಟ್ಟು.

“ಕಪಿಲಗ ಫೋನ್ ಹಚ್ಚು,” ಎನ್ನುತ್ತಿದ್ದ ಮಡೆಪ್ಪ. “ಇದ್ದಂಗ ಭಾಲ್ಕಿ ಟೇಶನ್ನಿಗಿ ಬರ್ಲಿ. ಹಿಂದಿನ ಬಾಜೂ, ಬೇವಿನ ಗಿಡದ ಬಲ್ಲಿ ನಿಂದರ್ಲಿ, ಅಲ್ಲಿ ಯಾರೂ ನೋಡಂಗಿಲ್ಲ. ನಾ ನಿನ್ನ ಗಾಡಿ ಮ್ಯಾಲ ತರ್ತೇನಿ. ಒಂದೂವರಿ ರೈಲಗಾಡಿ ಹತ್ತಿ ಹೋಗಿಬಿಡ್ರಿ.”

ಪರದೆಯ ಮೂಲೆಯಲ್ಲಿ ನಲವತ್ತಮೂರು ಇದ್ದದ್ದು ನಲವತ್ತೆರಡಾಯಿತು.

ಉಳಿದವರೆಲ್ಲ ಅಕ್ಕಾ ಏನಾಯ್ತು, ಅಕ್ಕಾ ಯಾರು ಬಂದರು ಎಂದು ಬರೆಯುತ್ತ ಅಲ್ಲೇ ಇದ್ದರು. ನಾನು ಪೊಲೀಸರಿಗೆ ಫೋನ್ ಹಚ್ಚಿದೆ. ಹೆಸರು ಕೇಳಿದರು, ಜಾಗ ಕೇಳಿದರು, ಅವರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದರು. ಮೈಕು ಮಾರಿದವನು ಎಂದೆ. ಅಂಗಡಿಯ ಶಟರು ಕೂಡ ಎಳೆಯದೆ ಗಾಡಿ ತೆಗೆದೆ. ಬೀದರದಿಂದ ಭಾಲ್ಕಿಗೆ ನಲವತ್ತು ಕಿಲೋಮೀಟರು. ಅಡತಿ ಅಂಗಡಿಯಿಂದ ಟೇಶನ್ನಿಗೆ ನಡೆದೇ ಹೋಗಬಹುದು.

ಕಪಿಲ ಹೆಂಡತಿಯ ಮಾತು ಮೀರಿದವನಲ್ಲ. ಹಿಂದಿನ ಬಾಜೂ, ಬೇವಿನ ಗಿಡದ ಹತ್ತಿರ, ಮಾವ ಹೇಳಿದ ಜಾಗಕ್ಕೇ ಬಂದು ನಿಂತಿದ್ದ. ಓಂಪ್ರಕಾಶ ಅವನಿಗಿಂತ ಮುಂಚೆ ಅಲ್ಲಿಗೆ ಬಂದು ಕಾಯುತ್ತಿದ್ದ.