ಒಗ್ಗರಣೆ ನಿಂತ ಮನೆ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ಸುಳ್ಳು ಎಲ್ಲಿ ಸೇರಿದೆ ಎಂದು ಹುಡುಕುವವನು ನಾನು. ಈಗ ನನ್ನದೇ ಒಂದನ್ನು ಹೇಳುತ್ತಿದ್ದೇನೆ. ನೀವೂ ಹುಡುಕಿ, ಬೇಸರವಿಲ್ಲ.

ಅರವತ್ತರ ದಶಕದಲ್ಲಿ ಬರೋಡಾದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲೇ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನನ್ನ ಬಾಡಿಗೆ ಕೋಣೆಯ ಕೆಳಗೆ ಕುಂದಾಪುರದ ಕಡೆಯ ವನಜಕ್ಕನ ಮನೆ. ಅವರ ಗಂಡ ಸ್ಟೇಷನ್ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರ ಐದು ವರ್ಷದ ಮಗಳು ಶಾರದೆಗೆ ಒಮ್ಮೆ ದಡಾರ ಎದ್ದಿತು. ದಡಾರವೆಂದರೆ ಅವರಿಗೆ ಅಮ್ಮ. ಅಮ್ಮ ಹೋಗುವ ತನಕ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಪಕ್ಕದ ಗುಜರಾತಿ ಮನೆಯವರೂ ಅದನ್ನು ನಂಬುವವರೇ. ಮಗುವಿಗಾಗಿ ತಾವೂ ಒಗ್ಗರಣೆ ನಿಲ್ಲಿಸಿದ್ದರು.

ಐದಾರು ದಿನಕ್ಕೆ ದದ್ದು ಬಾಡಿತು, ಜ್ವರ ಇಳಿಯಿತು. ಆಮೇಲೆ ಮಗು ಮಂಕಾಗಿ ಮಲಗಿಯೇ ಇರತೊಡಗಿತು. ಅಮ್ಮ ನಿದ್ದೆ ಕೊಟ್ಟಿದ್ದಾಳೆ ಎಂದರು ವನಜಕ್ಕ. ದೇಹ ದಣಿದಿದೆ, ಮಲಗಲಿ ಬಿಡಿ ಎಂದು ನಾನೂ ದೊಡ್ಡ ಪಂಡಿತನಂತೆ ಹೇಳಿದೆ. ಇಬ್ಬರ ಊಹೆಯೂ ತಪ್ಪಾಗಿತ್ತು.

ಮರುದಿನ ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಸಾಸಿವೆ, ಇಂಗು, ಕರಿಬೇವಿನ ಘಾಟು ಮೂಗಿಗೆ ಅಡರಿ ಕೆಮ್ಮು ಬಂತು. ರೇಗಿಸೋಣವೆಂದು ಕೆಳಗಿಳಿದೆ. ವನಜಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅಮ್ಮ ಹೋಗುವ ಮೊದಲೇ ಒಗ್ಗರಣೆಯಾ, ವನಜಕ್ಕ?"

"ಎಂತ ಒಗ್ಗರಣೆ ಮಾರಾಯ್ರೆ? ಸಾಸಿವೆ ಡಬ್ಬಿ ಮುಟ್ಟದೆ ವಾರ ಆಯ್ತು. ಸೈನ್ಸ್ ಓದಿ ಓದಿ ಮೂಗು ಹಾಳಾಯ್ತಾ ನಿಮ್ದು?"

ನಂಬದೆ ಒಳಗೆ ಇಣುಕಿದೆ. ಒಲೆಯಲ್ಲಿ ಬೆಂಕಿಯೇ ಇರಲಿಲ್ಲ. ಆಚೆ ಚಾಪೆಯ ಮೇಲೆ ಶಾರದೆ ಸೆಟೆದುಕೊಂಡು, ಕಣ್ಣು ಮೇಲಾಗಿ, ಅದುರುತ್ತಿದ್ದಳು.

ಟಾಂಗಾದಲ್ಲಿ ಆಸ್ಪತ್ರೆಗೆ ಒಯ್ದೆವು. ದಡಾರದಿಂದ ಮೆದುಳು ಊದಿಕೊಂಡಿದೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಒಂಬತ್ತು ದಿನಕ್ಕೆ ಮಗುವಿಗೆ ಎಚ್ಚರವಾಯಿತು. ಮಾತನ್ನು ಮೊದಲಿನಿಂದ ಕಲಿಯಬೇಕಾಯಿತು. ಎಡಗೈಗೆ ಮೊದಲಿನ ಬಲ ಬರಲೇ ಇಲ್ಲ. ಆದರೂ ಬದುಕಿದಳು.

ಡಾಕ್ಟರಿಗೆ ಘಾಟಿನ ವಿಷಯ ಹೇಳಿದೆ. ಸೆಳವಿಗೆ ಮುಂಚೆ ಕೆಲವರಿಗೆ ಇಲ್ಲದ ವಾಸನೆ ಬರುವುದುಂಟು ಎಂದರು. "ಆದರೆ ಸೆಳವು ಬಂದದ್ದು ನಿಮಗಲ್ಲವಲ್ಲ!" ಎಂದು ನಕ್ಕರು.

ವರ್ಷಗಳ ನಂತರ, ಸೂರತ್‌ಗೆ ಹೋಗಿ ನೆಲೆಸಿದ್ದ ವನಜಕ್ಕನ ಮುಂದೆ ಈ ಮಾತು ಎತ್ತಿದೆ. ಅವರು ಬೆರಗಾಗಿ ನನ್ನನ್ನೇ ನೋಡಿದರು. ಆವತ್ತು ನಾನು ಒಗ್ಗರಣೆಯ ಹೆಸರೇ ಎತ್ತಲಿಲ್ಲವಂತೆ. "ಮಗು, ಮಗು" ಎಂದು ಕೂಗುತ್ತ ಮೆಟ್ಟಿಲಿಳಿದು ನೇರವಾಗಿ ಒಳಗೆ ಓಡಿದೆನಂತೆ.

ಅವರ ನೆನಪು ಸರಿಯೋ, ನನ್ನದು ಸರಿಯೋ, ತಿಳಿಯದು. ಅವರದೇ ಸರಿಯೆಂದರೆ, ಮೇಲಿನ ಕೋಣೆಯಲ್ಲಿ ಕುಳಿತಿದ್ದ ನನಗೆ ಕೂಗುವಂಥದ್ದೇನು ಗೊತ್ತಾಗಿತ್ತು?