ಶೇಟನನ್ನು ಹಿಂದೆ ಕೂರಿಸಿದ ಪಾಟಾ ಮಿಸ್ತ್ರಿ

ಅವರಿಗೆ ಹುಬ್ಬುಗಳಿರಲಿಲ್ಲ. ಉಕ್ಕಿನ ಪಟ್ಟಿಗಳನ್ನು ಕೆಂಪಗೆ ಕಾಯಿಸಿ, ಬಾಗಿಸಿ, ಸುಟ್ಟ ಆಯಿಲಿನಲ್ಲಿ ಅದ್ದುವಾಗ ಭುಗ್ಗೆಂದು ಏಳುವ ಉರಿಗೆ ಎಂದೋ ಹೋದ ಹುಬ್ಬುಗಳು ಮತ್ತೆ ಬರಲೇ ಇಲ್ಲ. ಆ ಬೋಳು ಮುಖದಲ್ಲಿ ಸಿಟ್ಟು ಯಾವುದು, ನಗು ಯಾವುದು ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು, ಯಾಕೆಂದರೆ ನಗು ಇರುತ್ತಿದ್ದದ್ದೇ ಅಪರೂಪ. ಗೋವಾದ ಕುಡಚಡೆಯ ರೈಲು ಹಳಿಯ ಬದಿಗೆ ಅವರ ತಗಡಿನ ಶೆಡ್ಡು. ಲಾರಿಯಾಗಲಿ ಪಿಕಪ್ಪಾಗಲಿ, ಹಿಂದಿನ ಭಾರವನ್ನೆಲ್ಲ ಹೊರುವ ಬಾಗಿದ ಪಟ್ಟಿಗಳ ಕಟ್ಟಿಗೆ ನಮ್ಮಲ್ಲಿ ಪಾಟಾ ಅನ್ನುತ್ತಾರೆ. ಅದನ್ನು ಕಟ್ಟುವುದೊಂದೇ ಅವರ ಕೆಲಸ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ನಮ್ಮಿಬ್ಬರಿಗೂ ಒಬ್ಬನೇ ವೈರಿ ಇದ್ದ, ಅದೇ ಸಂಬಂಧ.

ಹಗೆ ಸಾಕುವುದರಲ್ಲಿ ಕಾಕಾ ಎತ್ತಿದ ಕೈ. ಶೆಡ್ಡಿನ ಎದುರಿಗೇ ಚಹಾದಂಗಡಿ ಇತ್ತು. ಅಲ್ಲಿಯವನು ಎಂದೋ ಒಮ್ಮೆ ಇವರನ್ನು ಕಾಯಿಸಿ, ಆಮೇಲೆ ಬಂದವರಿಗೆ ಮೊದಲು ಚಹಾ ಕೊಟ್ಟನಂತೆ. ಅಂದಿನಿಂದ ಇವರು ಹಳಿ ದಾಟಿ, ಮಳೆಯಲ್ಲಿ ತೊಯ್ಸಿಕೊಂಡಾದರೂ ಸರಿ, ಆಚೆಯ ಅಂಗಡಿಗೇ ಹೋಗುತ್ತಿದ್ದರು.

"ಬಿಡ್ರಿ ಕಾಕಾ, ಅವ ಯಾವಾಗೋ ಮರತಾನ" ಅಂದರೆ, "ಅವ ಮರತಾನಂತನ ನಾ ನೆನಪಿಟ್ಟೇನಿ" ಅನ್ನುತ್ತಿದ್ದರು.

ಬೈಯುವುದೆಲ್ಲ ಕೊಂಕಣಿಯಲ್ಲಿ. ಯಾಕೆ ಎಂದು ಕೇಳಿದ್ದಕ್ಕೆ, "ಕನ್ನಡದಾಗ ಬೈದ್ರ ಸತ್ತ ನಮ್ಮವ್ವ ಕೇಳಿಸ್ಕೊಂಡಂಗ ಆಗತೈತೋ" ಅಂದಿದ್ದರು.

ಇನ್ನು ಆ ವೈರಿಯ ವಿಷಯ. ಅವನು ನಮ್ಮ ಕಡೆಯವನೇ. ಬೆಳಗಾವಿ ಕಡೆಯಿಂದ ಬರಿಗೈಯಲ್ಲಿ ಬಂದು, ಅದಿರು ಸಾಗಿಸುವ ಭರಾಟೆಯಲ್ಲಿ ಲಾರಿಯ ಮೇಲೆ ಲಾರಿ ಮಾಡಿಕೊಂಡು ಶೇಟ್ ಅನ್ನಿಸಿಕೊಂಡವನು. ನನ್ನಪ್ಪ ಅವನ ಲಾರಿ ಓಡಿಸುತ್ತಿದ್ದ. ಒಂದು ದಿನ ಇಳಿಜಾರಿನಲ್ಲಿ ಅದಿರು ತುಂಬಿದ ಲಾರಿಯ ಪಾಟಾ ಮುರಿದು ಗಾಡಿ ಮಗುಚಿತು. ಅಪ್ಪನ ಸೊಂಟ ಹೋಯಿತು. ಶೇಟ್ ಮಂದಿಯ ಮುಂದೆ ನಿಂತು ಒಂದೇ ಮಾತಿನಲ್ಲಿ ಇಬ್ಬರನ್ನು ಮುಗಿಸಿದ: "ಡ್ರೈವರ್ ಕುಡದಿದ್ದ. ಮಿಸ್ತ್ರಿ ಹೊಲಸ ಪಾಟಾ ಕಟ್ಟಿದ್ದ." ನನ್ನಪ್ಪ ಹಬ್ಬಕ್ಕೂ ಹನಿ ಮುಟ್ಟಿದವನಲ್ಲ. ಆದರೂ ಮುಂದೆ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಗೋದಾಮಿನ ಬಾಗಿಲು ಕಾಯುತ್ತ, ಆ ಕೆಟ್ಟ ಹೆಸರು ಹೊತ್ತುಕೊಂಡೇ ಹೋಗಿಬಿಟ್ಟ. ಅವ್ವ ನಲ್ಲಿಯ ಹತ್ತಿರ ಕೊಡ ಇಟ್ಟರೆ ಹಿಂದಿನಿಂದ "ಕುಡುಕನ ಹೆಂಡ್ತಿ" ಅನ್ನುವ ಪಿಸುಮಾತು. ಕಾಕಾನ ಶೆಡ್ಡಿಗಂತೂ ಎಷ್ಟೋ ಕಾಲ ನಾಯಿ ಕೂಡ ಹಾಯಲಿಲ್ಲ. ನನಗೆ ಶೇಟನ ಮೇಲೆ ಇದ್ದದ್ದು ಬೇಸರವಲ್ಲ, ದುಃಖವಲ್ಲ, ಹಗೆ. ಅವನು ತಲೆ ತಗ್ಗಿಸುವುದನ್ನು ಈ ಕಣ್ಣಿಂದ ನೋಡಬೇಕು ಎಂಬ ಹಗೆ. ಅದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ.

ಪಾಟಾ ಕಟ್ಟುವ ಮೊದಲು ಕಾಕಾ ಮಾಲಕನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಭಾರ ಎಷ್ಟು ಹೇರ್ತಿ? ಖರೇ ಹೇಳು." ಖರೇ ಯಾರು ಹೇಳುತ್ತಾರೆ? ಅದಿರಿನ ಸೀಮೆಯಲ್ಲಿ ಎಲ್ಲರೂ ಅರ್ಧ ಹೇಳುವವರೇ. ಮಿಸ್ತ್ರಿಗಳೂ ಅದನ್ನು ಬಲ್ಲವರು. ಹೇಳಿದ್ದನ್ನು ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಂಡು ಪಟ್ಟಿ ಕೂಡಿಸುವುದು ವಾಡಿಕೆ. ಮಾಲಕ ಸುಳ್ಳಾಡುತ್ತಾನೆ, ಮಿಸ್ತ್ರಿಗೂ ಗೊತ್ತು, ಗಾಡಿ ಓಡುತ್ತದೆ.

ಗಣಿ ನಿಂತ ಮೇಲೆ ನಾನು ಹಳೆಯ ಪಿಕಪ್ಪೊಂದನ್ನು ಹಿಡಿದು, ಹಿಂದೆ ಒಂದು ಸಣ್ಣ ಕ್ಯಾಂಪರ್ ಕಟ್ಟಿದೆ. ಕ್ಯಾಂಪರ್ ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ: ಹಾಸಿಗೆ, ಒಲೆ, ಗೂಡು, ಎಲ್ಲ ಇರುತ್ತದೆ. ಕಾಣಕೋಣದ ಕಡಲ ಬದಿಗೆ ಎಳೆದು ನಿಲ್ಲಿಸಿದರೆ ಪ್ರವಾಸಿಗರು ಅದರಲ್ಲೇ ವಾಸ. ಆದರೆ ಕ್ಯಾಂಪರಿನ ಮೂತಿ ಪಿಕಪ್ಪಿನ ಹಿಂದಿನ ಕೊಕ್ಕೆಯ ಮೇಲೆ ಕುಳಿತಿತೋ, ಪಿಕಪ್ಪಿನ ಕುಂಡೆ ನೆಲಕ್ಕೆ, ಮೂಗು ಆಕಾಶಕ್ಕೆ. ಮುಂದಿನ ಗಾಲಿಗೆ ಹಿಡಿತವಿಲ್ಲ, ಸ್ಟೇರಿಂಗ್ ಕೈಯಲ್ಲಿ ತೇಲುತ್ತದೆ, ತಿರುವಿನಲ್ಲಿ ಕ್ಯಾಂಪರ್ ಬಾಲ ಆಡಿಸುತ್ತದೆ. ಕಾಕಾನ ಹತ್ತಿರ ಹೋದೆ.

"ಭಾರ ಎಷ್ಟು? ಖರೇ ಹೇಳು" ಅಂದರು. ಖರೇನೇ ಹೇಳಿದೆ. ಅವರು ರೂಢಿಯಂತೆ ದುಪ್ಪಟ್ಟು ಮಾಡಿಕೊಂಡು, ಲಾರಿಗೆ ತಕ್ಕ ದಪ್ಪ ಪಟ್ಟಿಗಳನ್ನು ಸೇರಿಸಿ, "ಇನ್ನ ಗುಡ್ಡಾ ಹೇರು" ಎಂದು ಬೆನ್ನು ತಟ್ಟಿ ಕಳಿಸಿದರು. ಏನು ಹೇಳಲಿ! ಪಿಕಪ್ ಕಲ್ಲಾಗಿತ್ತು. ಒಂದೊಂದು ರಸ್ತೆ ಉಬ್ಬಿಗೂ ಕ್ಯಾಂಪರ್ ಕುಪ್ಪಳಿಸಿತು. ಕಾಣಕೋಣ ಮುಟ್ಟಿ ಬಾಗಿಲು ತೆಗೆದರೆ ಗೂಡಿನ ಪಿಂಗಾಣಿಯೆಲ್ಲ ಚೂರು, ಗಿರಾಕಿಗೆಂದು ಇಟ್ಟ ಜೇನಿನ ಬಾಟಲಿ ಒಡೆದು ಹಾಸಿಗೆಯ ಮೇಲೆ ಹರಿದಿತ್ತು. ಹೋಗಿ ಹೇಳಿದರೆ ಕಾಕಾ ಒಪ್ಪಬೇಕಲ್ಲ. "ಪಾಟಾ ಸರಿ ಐತಿ, ನಿನಗ ಹೊಡಿಯಾಕ ಬರೂದಿಲ್ಲ" ಎಂದು ತಾವೇ ಹಿಂದಿನ ತೊಟ್ಟಿಯಲ್ಲಿ ಹತ್ತಿ ಕುಳಿತರು. ಇಳಿಯುವಾಗ ಸೊಂಟ ಹಿಡಿದುಕೊಂಡು ಇಳಿದರು.

"ಏನ್ರಿ ಕಾಕಾ?"

"ರಸ್ತಾ ಸರಿ ಇಲ್ಲ."

"ರಸ್ತಾನೂ ನಾನ ಕೆಡಿಸೇನೇನ್ರಿ? ನೀವು ಭಾರ ಕೇಳಿದ್ರಿ, ನಾ ಖರೇ ಹೇಳೇನಿ."

ಹುಬ್ಬಿಲ್ಲದ ಮುಖ ಕೆಂಪಾಯಿತು. "ಲೇ ಮಗನ, ಖರೇ ಹೇಳೂದಿದ್ರ ಖರೇ ಹೇಳಾಕತ್ತೇನಿ ಅಂತ ಮೊದಲ ಹೇಳಬಾರದ? ಇಷ್ಟು ವರ್ಷದಾಗ ಯಾವನಾರ ಖರೇ ಹೇಳ್ಯಾನೇನು ನನ್ನ ಮುಂದ?"

ಮರುದಿನ ದಪ್ಪ ಪಟ್ಟಿಗಳನ್ನು ಬಿಚ್ಚಿ, ತೆಳ್ಳಗಿನ ಉದ್ದ ಪಟ್ಟಿಗಳನ್ನು ಹೊಂದಿಸಿದರು. ಭಾರ ಬಿದ್ದಾಗಷ್ಟೇ ತಾಕುವಂತೆ ಮೇಲೊಂದು ರಬ್ಬರಿನ ಗಟ್ಟಿ ಕೂರಿಸಿದರು. ಕ್ಯಾಂಪರ್ ಕಟ್ಟಿದಾಗಲೂ ಪಿಕಪ್ ನೆಟ್ಟಗೆ ನಿಂತಿತು. ಕೊನೆಗೆ ಬೋಲ್ಟುಗಳನ್ನು ಬಿಗಿಯುವಾಗ ಗಾಡಿಯ ಮೇಲೆ ಭಾರ ಇರಲೇಬೇಕು ಅನ್ನುವುದು ಅವರ ನಿಯಮ. ಅದಕ್ಕೆ ಮೂಟೆ ಹುಡುಕುತ್ತಿರಲಿಲ್ಲ, ಗಾಡಿಯ ಮಾಲಕನನ್ನೇ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ನಾನೂ ಕುಳಿತೆ.

ನನ್ನ ಕ್ಯಾಂಪರ್ ಬಾಲ ಆಡಿಸದೆ ಸರಾಗ ಹೋಗುವುದನ್ನು ಕಾಣಕೋಣದಲ್ಲಿ ಶೇಟ್ ನೋಡಿದ. ಲಾರಿಗಳನ್ನು ಮಾರಿದ ಅವನೂ ಈಗ ಕ್ಯಾಂಪರ್ ಧಂಧೆಗೆ ಇಳಿದಿದ್ದ. ಅವನ ಪಿಕಪ್ ಮಾತ್ರ ಯಾವ ಗ್ಯಾರೇಜಿಗೆ ಹೋದರೂ ಕುಂಡೆ ಎಳೆಯುವುದು ಬಿಟ್ಟಿರಲಿಲ್ಲ. ಕೊನೆಗೆ ಮರ್ಯಾದೆ ನುಂಗಿಕೊಂಡು ಕಾಕಾನ ಶೆಡ್ಡಿಗೇ ಬಂದ. ನಾನು ಅಲ್ಲೇ ಇದ್ದೆ. ಅವನದು ಬಿಳಿ ಅಂಗಿ, ಕಪ್ಪು ಕನ್ನಡಕ. ಏನೂ ಆಗೇ ಇಲ್ಲ ಅನ್ನುವಂತೆ "ಹಳೇದೆಲ್ಲಾ ಬಿಡೋ ಮಿಸ್ತ್ರಿ" ಅಂದ. ನನ್ನ ಮೈಯೆಲ್ಲ ಉರಿದುಹೋಯಿತು. ಕಾಕಾ ಶಾಂತವಾಗಿ ಕೇಳಿದರು, "ಗಿರಾಕಿ ಯಾವಾಗ ಬರ್ತಾರ್ರಿ ಶೇಟ್?"

"ಶುಕ್ರವಾರ ಮಧ್ಯಾಹ್ನ. ಅಷ್ಟರಾಗ ಕ್ಯಾಂಪರ್ ಕಡಲ ಮ್ಯಾಲೆ ಇರಬೇಕು."

"ಹಂಗಾರ ಶುಕ್ರವಾರ ಮುಂಜಾನಿ ಗಾಡಿ ತರ್ರಿ."

ಅವನು ಹೋದದ್ದೇ ತಡ, ನಾನು ಹಾರಾಡಿದೆ. "ಇವನ ಗಾಡಿ ಮುಟ್ತೀರೇನ್ರಿ? ಮುಟ್ಟೂದಾದ್ರ ಒಂದು ಬೋಲ್ಟ್ ಸಡ್ಲ ಬಿಡ್ರಿ. ಘಟ್ಟದಾಗ ತಿಳೀತೈತಿ ಅವಂಗ."

"ಹುಚ್ಚ. ಹಿಂದಿನ ಗಾಡಿಯವರು ಸಾಯ್ತಾರ. ಅವರು ನಂಗೇನು ಮಾಡ್ಯಾರ? ಇವನೂ ಸತ್ರ ಲುಕ್ಸಾನು. ಸತ್ತಾವ ಮಾತಾಡ್ತಾನೇನು? ಇವ ಮಾತಾಡಬೇಕಲೇ." ಆಮೇಲೆ ತಣ್ಣಗೆ ಸೇರಿಸಿದರು, "ಶುಕ್ರವಾರ ಹಳೇ ಡ್ರೈವರ್ ಮಂದಿನ್ನೆಲ್ಲಾ ಚಹಾಕ್ಕ ಕರಿ. ನಿಮ್ಮವ್ವನ್ನೂ ಕರಕೊಂಡು ಬಾ."

ಶುಕ್ರವಾರ ಕಾಕಾ ಶೇಟನ ಪಾಟಾ ಬಿಚ್ಚಿ, ಹೊಸದಾಗಿ ಹೊಂದಿಸಿದರು. ನಾನು ಕಣ್ಣಿಟ್ಟು ನೋಡಿದೆ. ಕೆಲಸದಲ್ಲಿ ಒಂದು ಕೂದಲಿನಷ್ಟೂ ಮೋಸ ಮಾಡಲಿಲ್ಲ. ಎಲ್ಲ ಆಗಿ, ಬಿಗಿಯುವುದೊಂದು ಉಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಶೆಡ್ಡಿನ ಮುಂದೆ ಡ್ರೈವರ್ ಮಂದಿ ನೆರೆದಿದ್ದರು. ಅಷ್ಟು ದೊಡ್ಡ ದಿನ ಅದು: ಕಾಕಾ ಎದುರಿನ ಅಂಗಡಿಯಿಂದಲೇ ಚಹಾ ತರಿಸಿದ್ದರು! ಅವ್ವ ಸೆರಗು ಹೊದ್ದು ತಗಡಿನ ನೆರಳಿಗೆ ನಿಂತಿದ್ದಳು.

"ಹತ್ರಿ ಶೇಟ್. ಬಿಗಿಯೂ ಮುಂದ ಮಾಲಕ ಹಿಂದ ಕುಂದರಬೇಕು."

ಶೇಟ್ ಗೊಣಗುತ್ತ ಹತ್ತಿದ. ನಮ್ಮಂಥ ಕೂಲಿ ಮಂದಿ ದಿನಾ ಕೂತು ಹೋಗುವ ತೊಟ್ಟಿಯಲ್ಲಿ, ಕಾದ ತಗಡಿನ ಮೇಲೆ, ಬಿಳಿ ಅಂಗಿಯಲ್ಲಿ ಕುಳಿತ. ಕಾಕಾ ಬೋಲ್ಟು ಬಿಗಿಯುವ ಪಾನಾ ಕೈಗೆತ್ತಿಕೊಂಡವರು ಹಾಗೇ ನೆಲಕ್ಕಿಟ್ಟು, ಸಾಸರಿಗೆ ಚಹಾ ಸುರಿದುಕೊಂಡರು.

"ಭಾರ ಎಷ್ಟು ಹೇರ್ತೀರಿ? ಖರೇ ಹೇಳ್ರಿ."

"ಕ್ಯಾಂಪರ್ ನಿನ್ನ ಕಣ್ಣ ಮುಂದ ಐತಲ್ಲೋ!"

"ಇದಲ್ಲ. ಆ ದಿವಸ ಲಾರಿಗೆ ಎಷ್ಟು ಹೇರಿದ್ರಿ?"

ಶೇಟ್ ಎದ್ದು ನಿಂತ. ಇಳಿದು ಎಲ್ಲಿಗೆ ಹೋಗುತ್ತಾನೆ? ಪಿಕಪ್ಪಿನ ಬೋಲ್ಟುಗಳು ಸಡಿಲ, ಗಾಡಿ ಅಲುಗುವಂತಿಲ್ಲ. ಗಿರಾಕಿಗಳ ಫೋನು ಜೇಬಿನಲ್ಲಿ ಬಾರಿಬಾರಿ ಬಡಕೊಳ್ಳುತ್ತಿತ್ತು. ಅವನು ಕೂಗಾಡಿದ, ಪೋಲೀಸರನ್ನು ಕರೆಯುತ್ತೇನೆಂದ. "ಕರೀರಿ, ಅವರಿಗೂ ಚಹಾ ಕೊಡೂಣು" ಅಂದರು ಕಾಕಾ. ಡ್ರೈವರ್ ಮಂದಿ ಚಹಾ ಹೀರುತ್ತ ಅವನನ್ನೇ ನೋಡುತ್ತ ಕುಳಿತಿದ್ದರು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತು. ಕನ್ನಡಕ ತೆಗೆದ. ನಾನು ಸುಳ್ಳು ಹೇಳುವುದಿಲ್ಲ, ಆ ಬಿಸಿಲು ಇನ್ನೂ ಜೋರಾಗಲಿ ಎಂದು ದೇವರನ್ನು ಬೇಡಿಕೊಂಡೆ.

ಕೊನೆಗೆ ಅವನೇ ಕುಸಿದು ಕುಳಿತ. "ನಿಂಗ ಹೇಳಿದ್ದಕ್ಕಿಂತ ಮೂರು ಪಟ್ಟು ಹೇರಿಸಿದ್ದೆ" ಅಂದ.

"ದುಪ್ಪಟ್ಟು ಅಂತ ಹಿಡದು ಕಟ್ಟಿದ್ದೆ ನಾನು. ನೀವು ಅದನ್ನೂ ದಾಟಿದ್ರಿ. ಡ್ರೈವರ್ ಏನಂದ?"

"ಬ್ಯಾಡ ಅಂದ. ನಾನ ಹೊಡಿ ಅಂದೆ."

"ಕುಡದಿದ್ದನೇನು?"

"ಇಲ್ಲ."

"ನೆರಳಿಗೆ ನಿಂತ ಆ ತಂಗಿಗೆ ಕೇಳಿಸಬೇಕು. ಜೋರ ಹೇಳ್ರಿ."

"ಕುಡದಿರಲಿಲ್ಲ! ಅವ ಕುಡದಿರಲಿಲ್ಲ!"

ಹಳೆಯ ಡ್ರೈವರೊಬ್ಬ ತಲೆಯ ಟೊಪ್ಪಿಗೆ ತೆಗೆದು ಅವ್ವನ ಕಡೆ ಕೈ ಮುಗಿದ. ಅವ್ವ ಅಳುತ್ತಾಳೆ ಅಂದುಕೊಂಡಿದ್ದೆ. ಜೀವನದಲ್ಲಿ ನಾಲ್ಕು ಮಂದಿಯ ನಡುವೆ ದನಿ ಎತ್ತದ ಅವಳು, ಸೆರಗು ಸರಿಸಿ, ನೇರ ಶೇಟನನ್ನೇ ನೋಡುತ್ತ ಕಾಕಾನಿಗೆ ಅಂದಳು, "ಅಣ್ಣಾ, ಇನ್ನೊಂದ ಸಲ ಹೇಳಸ್ರಿ."

ಅವನು ಇನ್ನೊಂದು ಸಲ ಹೇಳಿದ. ಆಮೇಲೆ ಕಾಕಾ ಪಾನಾ ಎತ್ತಿಕೊಂಡು ಬೋಲ್ಟುಗಳನ್ನು ಒಂದೊಂದಾಗಿ, ಮೈಭಾರ ಹಾಕಿ, ಬಿಗಿದರು. ಶೇಟ್ ಇಳಿದು "ಮಾಫ ಮಾಡು" ಎಂದು ಕೈ ಮುಗಿದಾಗ, "ಮಾಫಿ ಯಾರು ಕೇಳಿದ್ರಿ? ನಾ ಭಾರ ಕೇಳಿದ್ದೆ. ಹೋಗ್ರಿ, ಗಿರಾಕಿ ಕಾಯಾಕತ್ತಾರ" ಅಂದರು. ಅಂದಿನಿಂದ ನಲ್ಲಿಯ ಹತ್ತಿರ ಅವ್ವ ಕೊಡ ಇಟ್ಟರೆ ಹೆಂಗಸರು ಜಾಗ ಬಿಟ್ಟುಕೊಡತೊಡಗಿದರು.

ಕಾಕಾ ಹೋದ ವರ್ಷ ತೀರಿಕೊಂಡರು. ಜೀವಮಾನವಿಡೀ ಕುಡಿದ ಆಯಿಲಿನ ಹೊಗೆ ಎದೆಯಲ್ಲಿ ಕೂತಿತ್ತು. ಮಕ್ಕಳಿರಲಿಲ್ಲ, ಕೊಳ್ಳಿ ಇಡುವುದು ನನ್ನ ಪಾಲಿಗೆ ಬಂತು. ಹೆಸರು ಕಳೆದುಕೊಂಡು ಸತ್ತ ಅಪ್ಪನಿಗೆ ಹೆಸರು ತಂದುಕೊಟ್ಟವರಿಗೆ ನಾನು ಮಾಡಬಹುದಾಗಿದ್ದದ್ದು ಅಷ್ಟೇ. ಮಸಣ ದೂರ. ಹೆಣ ಎತ್ತುವ ಹೊತ್ತಿಗೆ ಶೇಟ್ ಬಂದ, ಪಿಕಪ್ ತೊಳೆಸಿ ಹೂವಿನ ಮಾಲೆ ಕಟ್ಟಿಸಿಕೊಂಡು. "ಇದರಾಗ ಒಯ್ಯೂಣು. ಅವನ ಕೈಯಿಂದ ಆದ ಗಾಡಿ" ಅಂದ. ಕಣ್ಣಲ್ಲಿ ನೀರೂ ಇತ್ತು, ಖರೇನೇ ಇರಬೇಕು. ಬಾಗಿಲಲ್ಲಿ ನಿಂತಿದ್ದ ಅವ್ವ ಅವನ ಕಡೆ ತಿರುಗಲೂ ಇಲ್ಲ. "ನಮ್ಮ ಗಾಡಿ ಐತಿ" ಅಂದಳು.

ನಮ್ಮ ಪಿಕಪ್ಪಿನಲ್ಲೇ ಮಲಗಿಸಿದೆವು. ಡ್ರೈವರ್ ಮಂದಿ ಕಾಕಾನ ಸುತ್ತ ತೊಟ್ಟಿಯಲ್ಲಿ ಹತ್ತಿ ಕುಳಿತರು. ಶೇಟ್ ತನ್ನ ಗಾಡಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಕಳಚಿ, ಕಾದ ಡಾಂಬರಿನ ಮೇಲೆ ಹಿಂದೆ ಹಿಂದೆ ನಡೆದು ಬಂದ. ಗಾಡಿ ಹೊಡೆಯುತ್ತಿದ್ದ ನನಗೆ ಬದಿಯ ಕನ್ನಡಿಯಲ್ಲಿ ಮಸಣದವರೆಗೂ ಅವನು ಕಾಣುತ್ತಿದ್ದ. ತೊಟ್ಟಿಯಲ್ಲಿ ಇನ್ನೊಬ್ಬನಿಗೆ ಜಾಗವಿತ್ತು. ಹತ್ತು ಎಂದು ನಾನು ಅನ್ನಲಿಲ್ಲ.